ಪಾಸ್‌ವರ್ಡ್ ಕೂಗಿ ಹೇಳುತ್ತಿದ್ದ ಕಾಲ

2009ನೇ ಇಸವಿ, ಬಿಇ ಮೂರನೇ ವರ್ಷ. ನಮ್ಮ ಕಾಲೇಜಿನ ನೆಟ್‌ವರ್ಕ್ ಲ್ಯಾಬಿನ ಸ್ವಿಚ್ ಕೆಟ್ಟಿತ್ತು. ಅದರ ಜಾಗಕ್ಕೆ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಹಬ್ ಒಂದನ್ನು ತಂದು ಹಾಕಿದ್ದರು. ಎರಡಕ್ಕೂ ಏನು ವ್ಯತ್ಯಾಸ ಅಂತೀರಾ? ಸ್ವಿಚ್ ಅಂದರೆ ವಿಳಾಸ ನೋಡಿ ಆ ಮನೆಗೆ ಮಾತ್ರ ಕಾಗದ ಹಾಕುವ ಪೋಸ್ಟ್‌ಮ್ಯಾನ್. ಹಬ್ ಅಂದರೆ ಡಂಗುರ ಸಾರುವವನು. ಯಾರಿಗೆ ಬಂದದ್ದಾದರೂ ಊರಿಗೆಲ್ಲ ಕೇಳುವ ಹಾಗೆ ಕೂಗ್ತಾನೆ. ನಮ್ಮದಲ್ಲದ್ದನ್ನು ನಾವು ಕಿವಿಗೆ ಹಾಕಿಕೊಳ್ಳಬಾರದು, ಅಷ್ಟೇ ನಿಯಮ.

ನಾನು ಕಿವಿಗೆ ಹಾಕಿಕೊಂಡೆ. ವೈರ್‌ಶಾರ್ಕ್ ಅಂತ ಒಂದು ತಂತ್ರಾಂಶ ಇದೆ, ತಂತಿಯ ಮೇಲೆ ಹೋಗಿಬರುವ ಪ್ಯಾಕೆಟ್ಟುಗಳನ್ನೆಲ್ಲ ಬಿಡಿಸಿ ತೋರಿಸುತ್ತೆ. ಸಿಲಬಸ್ಸಿನಲ್ಲೇ ಇತ್ತು. ಅದನ್ನು ಹಾಕಿ, ಫಿಲ್ಟರ್ ಜಾಗದಲ್ಲಿ ‘ಪಾಪ್’ ಅಂತ ಟೈಪ್ ಮಾಡಿದೆ. ಎರಡು ನಿಮಿಷ ಆಗಿರಬಹುದು, ಪರದೆ ಮೇಲೆ ಎರಡು ಸಾಲು ಬಂದವು. ‘ಯೂಸರ್’ ಅಂದಮೇಲೆ ನನ್ನ ಗೆಳೆಯನ ಹೆಸರು. ‘ಪಾಸ್’ ಅಂದಮೇಲೆ ಅವನ ತಂಗಿಯ ಹೆಸರು, ಅದರ ಮುಂದೆ ಒಂದು ಇಸವಿ. ಅವನು ಮೂರು ಕುರ್ಚಿ ಆಚೆ ಕೂತು ಥಂಡರ್‌ಬರ್ಡಿನಲ್ಲಿ ಕಾಲೇಜಿನ ಮೇಲ್ ನೋಡ್ತಾ ಇದ್ದ. ನಾನು ಯಾವ ಬೀಗವನ್ನೂ ಒಡೆಯಲಿಲ್ಲ. ಒಡೆಯೋಕೆ ಬೀಗವೇ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಟೆಲ್‌ನೆಟ್ ತೆರೆದು ಮೇಲ್ ಸರ್ವರಿನ 110ನೇ ಪೋರ್ಟಿಗೆ ಹೋಗಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೈಯಾರೆ ಹೊಡೆದೆ. ‘ಲಿಸ್ಟ್’ ಅಂದರೆ ಪಟ್ಟಿ ಕೊಟ್ಟಿತು. ‘ರೆಟರ್ 1’ ಅಂದರೆ ಮೊದಲ ಮೇಲ್ ಬಿಚ್ಚಿಕೊಂಡಿತು. ಪುಣೆಯಲ್ಲಿದ್ದ ಅವನ ಅಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ. ಈ ಸೆಮಿಸ್ಟರ್ ಫೀಸಿಗೆ ದುಡ್ಡು ಹೊಂದಿಸೋಕೆ ಆಗ್ತಿಲ್ಲ, ಮನೆಯಲ್ಲಿ ಎತ್ತು ಮಾರುವ ಮಾತು ನಡೆದಿದೆ, ಯಾರಿಗೂ ಹೇಳಬೇಡ ಅಂತ.

ಆವತ್ತಿನಿಂದ ಒಂದು ತಿಂಗಳು ಅವನು ಕ್ಯಾಂಟೀನಿನಲ್ಲಿ ‘ಹಸಿವಿಲ್ಲ’ ಅಂದಾಗಲೆಲ್ಲ ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿದೆ ಅಂತ ಹೇಳೋ ಹಾಗಿರಲಿಲ್ಲ.

ಈಗ ಹತ್ತು ವರ್ಷಕ್ಕೂ ಮೇಲಾಯ್ತು ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡ್ತಿದ್ದೀನಿ. ಆ ಎರಡು ಸಾಲು ಹಾಗೆ ಬೆತ್ತಲೆಯಾಗಿ ಯಾಕೆ ಹೋಗುತ್ತಿದ್ದವು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕತೆ ಇದು. ಇದರಲ್ಲಿ ದೊಡ್ಡ ಖಳನಾಯಕರು ಯಾರೂ ಇಲ್ಲ. ಒಳ್ಳೆಯವರೇ, ಬುದ್ಧಿವಂತರೇ. ಆದರೂ ಇಂಟರ್ನೆಟ್ಟಿನ ಅಂಚೆಪೆಟ್ಟಿಗೆಗೆ ಸರಿಯಾದ ಬೀಗ ಬೀಳೋಕೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಹೆಸರೇ ಅಂಚೆ ಕಚೇರಿ

1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಇಮೇಲ್ ಕಳಿಸಿದಾಗ ‘ಮೇಲ್ ಇಳಿಸಿಕೊಳ್ಳುವುದು’ ಅನ್ನೋ ಪ್ರಶ್ನೆಯೇ ಇರಲಿಲ್ಲ. ದೊಡ್ಡ ಕಂಪ್ಯೂಟರ್ ಹಗಲೂ ರಾತ್ರಿ ಓಡ್ತಾ ಇರುತ್ತಿತ್ತು. ಮೇಲ್ ಅಲ್ಲಿಗೇ ಬರುತ್ತಿತ್ತು, ನೀವು ಅದರ ಮುಂದೆಯೇ ಕೂತು ಓದುತ್ತಿದ್ದಿರಿ. ಎಂಬತ್ತರ ದಶಕದಲ್ಲಿ ಮೇಜಿನ ಮೇಲೆ ಪುಟ್ಟ ಪಿಸಿಗಳು ಬಂದವು. ಅವನ್ನು ಸಂಜೆ ಆರಿಸಿ ಮನೆಗೆ ಹೋಗುತ್ತಾರೆ. ರಾತ್ರಿ ಬಂದ ಮೇಲನ್ನು ಯಾರು ಇಟ್ಟುಕೊಳ್ಳಬೇಕು?

ಹಳ್ಳಿಯವರಿಗೆ ಇದರ ಉತ್ತರ ಗೊತ್ತು. ನಮ್ಮೂರಿನ ಒಳಗಿನ ಮನೆಗಳಿಗೆ ಮಳೆಗಾಲದಲ್ಲಿ ಪೋಸ್ಟ್‌ಮ್ಯಾನ್ ಬರುತ್ತಿರಲಿಲ್ಲ. ಕಾಗದ ಶಾಖಾ ಅಂಚೆ ಕಚೇರಿಯಲ್ಲೇ ಇರುತ್ತಿತ್ತು, ಪೇಟೆ ಕಡೆ ಹೋದವರು ಇಸಕೊಂಡು ಬರುತ್ತಿದ್ದರು. 1984ರ ಅಕ್ಟೋಬರಿನಲ್ಲಿ ಜಾಯ್ಸ್ ರೆನಾಲ್ಡ್ಸ್ ಬರೆದ ಆರ್‌ಎಫ್‌ಸಿ 918 ಹೇಳಿದ್ದೂ ಇದನ್ನೇ. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನಲ್ಲಿ ಯಂತ್ರಗಳು ಪರಸ್ಪರ ಹೇಗೆ ನಡೆದುಕೊಳ್ಳಬೇಕು ಅಂತ ಬರೆದಿಡುವ ಸಾರ್ವಜನಿಕ ಕಡತ. ಆ ವ್ಯವಸ್ಥೆಯ ಹೆಸರೇ ‘ಪೋಸ್ಟ್ ಆಫೀಸ್ ಪ್ರೊಟೊಕಾಲ್’, ಚಿಕ್ಕದಾಗಿ ಪಾಪ್. (ಕನ್ನಡದಲ್ಲಿ ಆ ಹೆಸರು ಓದಿದಾಗಲೆಲ್ಲ ನನಗೆ ನನ್ನ ಲ್ಯಾಬಿನ ಪಾಪವೇ ನೆನಪಾಗುತ್ತೆ, ಇರಲಿ.) 1988ರಲ್ಲಿ ಮಾರ್ಷಲ್ ರೋಸ್ ಇದರ ಮೂರನೇ ಆವೃತ್ತಿ ಬರೆದರು. ಅದೇ ಇವತ್ತಿಗೂ ಬಳಕೆಯಲ್ಲಿರುವ ಪಾಪ್3. ಅದಕ್ಕೂ ಎರಡು ವರ್ಷ ಮೊದಲು, 1986ರಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಶುರುಮಾಡಿದ್ದರು. ಪಾಪ್ ಅಂದರೆ ಕಾಗದವನ್ನು ಮನೆಗೆ ತಂದುಕೊಳ್ಳೋದು. ಐಮ್ಯಾಪ್ ಅಂದರೆ ಕಾಗದವನ್ನು ಅಂಚೆ ಕಚೇರಿಯಲ್ಲೇ ಬಿಟ್ಟು, ಬೇಕಾದಾಗ ಹೋಗಿ ಓದಿ ಬರೋದು. ನಿಮ್ಮ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ಇನ್‌ಬಾಕ್ಸ್ ಕಾಣುತ್ತಲ್ಲ, ಅದರ ಹಿಂದಿರುವ ಯೋಚನೆ ಅದೇ.

ಎರಡರಲ್ಲೂ ಒಂದು ವಿಷಯ ಸಮಾನ. ‘ನಾನು ಇಂಥವನು, ನನ್ನ ಗುಟ್ಟಿನ ಮಾತು ಇದು’ ಅಂತ ಸರ್ವರಿಗೆ ಹೇಳಬೇಕಿತ್ತು. ಅದನ್ನು ಬಯಲಲ್ಲಿ, ಇದ್ದ ಹಾಗೇ ಹೇಳಬೇಕಿತ್ತು. 1996ರಲ್ಲಿ ಬಂದ ಪಾಪ್3ರ ಪರಿಷ್ಕೃತ ಕಡತ, ಆರ್‌ಎಫ್‌ಸಿ 1939, ಉದಾಹರಣೆಗೆ ಕೊಟ್ಟಿರುವ ಪಾಸ್‌ವರ್ಡ್ ಯಾವುದು ಗೊತ್ತಾ? ‘ಸೀಕ್ರೆಟ್’. ಗುಟ್ಟು ಅನ್ನೋ ಪದವನ್ನೇ ತಂತಿ ಮೇಲೆ ಕೂಗಿ ಹೇಳಿದ ಹಾಗೆ!

ಅವರು ದಡ್ಡರಾಗಿರಲಿಲ್ಲ. ಆಗಿನ ನೆಟ್‌ವರ್ಕ್ ಅಂದರೆ ಕೆಲವು ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು. ಎಲ್ಲರೂ ಎಲ್ಲರಿಗೂ ಗೊತ್ತಿದ್ದ ಊರು ಅದು. ಅಂಥ ಊರಿನಲ್ಲಿ ಹಗಲು ಹೊತ್ತು ಬಾಗಿಲಿಗೆ ಬೀಗ ಹಾಕಿದರೆ ಅಕ್ಕಪಕ್ಕದವರು ಬೇಜಾರು ಮಾಡಿಕೊಳ್ತಾರೆ. ಜೊತೆಗೆ ಆಗಿನ ಪಿಸಿಗಳಿಗೆ ಗೂಢಲಿಪಿಯ ಲೆಕ್ಕ ಅಂದರೆ ಭಾರ.

ಊರು ದೊಡ್ಡದಾಯ್ತು

1994ರ ಫೆಬ್ರವರಿ 3ರಂದು ಅಮೆರಿಕದ ಸರ್ಟ್ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು. ಆಕ್ರಮಣಕಾರರು ನೆಟ್‌ವರ್ಕುಗಳ ಮಧ್ಯದ ಯಂತ್ರಗಳಲ್ಲಿ ಕದ್ದು ಕೇಳುವ ತಂತ್ರಾಂಶ ಕೂರಿಸಿದ್ದಾರೆ, ಹತ್ತಾರು ಸಾವಿರ ಕಂಪ್ಯೂಟರುಗಳ ಲಾಗಿನ್ ಮಾಹಿತಿ ಈಗಾಗಲೇ ಅವರ ಕೈಸೇರಿದೆ ಅಂತ. ನಾನು ಲ್ಯಾಬಿನಲ್ಲಿ ಮಾಡಿದ್ದನ್ನೇ ಅವರು ಹದಿನೈದು ವರ್ಷ ಮೊದಲು, ಜಗತ್ತಿನ ಮಟ್ಟದಲ್ಲಿ ಮಾಡಿದ್ದರು.

ಮೇಲ್ ಇಳಿಸುವವರಿಗೆ ಇನ್ನೊಂದು ಅಪಾಯವಿತ್ತು. ನೀವು ಒಂದು ಯಂತ್ರಕ್ಕೆ ದಿನಕ್ಕೆ ಒಂದು ಸಲವೋ ಎರಡು ಸಲವೋ ಲಾಗಿನ್ ಆಗ್ತೀರಿ. ಆದರೆ ಮೇಲ್ ತಂತ್ರಾಂಶ ‘ಹೊಸದೇನಾದ್ರೂ ಬಂತಾ’ ಅಂತ ಐದು ನಿಮಿಷಕ್ಕೊಮ್ಮೆ ಹೋಗಿ ಕೇಳುತ್ತೆ. ಕೇಳುವಾಗಲೆಲ್ಲ ಪಾಸ್‌ವರ್ಡ್ ಹೇಳುತ್ತೆ. ಇದರಿಂದ ಅಪಾಯ ಹೆಚ್ಚು ಅಂತ ಆರ್‌ಎಫ್‌ಸಿ 1939 ಬಾಯಿಬಿಟ್ಟೇ ಹೇಳಿತು, ಎಪಾಪ್ ಅನ್ನೋ ಪರಿಹಾರವನ್ನೂ ಕೊಟ್ಟಿತು. ಅದರಲ್ಲಿ ಸರ್ವರ್ ಪ್ರತಿಸಲವೂ ಒಂದು ಹೊಸ ಗುರುತು ಕಳಿಸುತ್ತೆ. ನಿಮ್ಮ ಯಂತ್ರ ಅದನ್ನೂ ಪಾಸ್‌ವರ್ಡನ್ನೂ ಸೇರಿಸಿ ಅರೆದು, ಆ ಹಿಟ್ಟನ್ನು ಮಾತ್ರ ವಾಪಸ್ ಕಳಿಸುತ್ತೆ. ಹಿಟ್ಟು ನೋಡಿ ಕಾಳು ಯಾವುದು ಅಂತ ಹೇಳೋದು ಕಷ್ಟ. ಒಳ್ಳೆಯದೇ. ಆದರೆ ಅದು ಉಳಿಸಿದ್ದು ಪಾಸ್‌ವರ್ಡನ್ನು ಮಾತ್ರ. ಅದರ ಹಿಂದೆ ಬರುವ ಕಾಗದ ಬಯಲಲ್ಲೇ ಬರುತ್ತಿತ್ತು. ಇನ್ನೊಂದು ಮಾತು, ಎಪಾಪ್ ಕಡ್ಡಾಯವಾಗಿರಲಿಲ್ಲ. ‘ಬೇಕಾದವರು ಮಾಡಿಕೊಳ್ಳಿ.’ ಈ ಮಾತನ್ನು ನೆನಪಿಟ್ಟುಕೊಳ್ಳಿ, ಈ ಕತೆಯಲ್ಲಿ ಮತ್ತೆ ಮತ್ತೆ ಬರುತ್ತೆ.

ಇಡೀ ದಾರಿಗೇ ಮುಚ್ಚಿಗೆ ಹಾಕುವ ಯೋಚನೆ ಬಂದದ್ದು ಮೇಲಿನಿಂದ ಅಲ್ಲ, ಅಂಗಡಿಯಿಂದ. ವೆಬ್ಬಿನಲ್ಲಿ ಕ್ರೆಡಿಟ್ ಕಾರ್ಡ್ ನಂಬರ್ ಹೊಡೆಯಲು ಜನ ಹೆದರುತ್ತಿದ್ದರು. ಅದಕ್ಕೇ 1995ರಲ್ಲಿ ನೆಟ್‌ಸ್ಕೇಪ್ ಎಸ್‌ಎಸ್‌ಎಲ್ ತಂದಿತು. ಮೊದಲು ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಿ ತಾನು ಯಾರು ಅಂತ ರುಜುವಾತು ಮಾಡಬೇಕು. ಆಮೇಲೆ ಎರಡೂ ಕಡೆಯವರು ಒಂದು ಕೀಲಿ ಒಪ್ಪಿಕೊಂಡು, ಅಲ್ಲಿಂದ ಮುಂದೆ ಎಲ್ಲವನ್ನೂ ಗೂಢಲಿಪಿಯಲ್ಲೇ ಮಾತಾಡಬೇಕು. ಇದರ ಪ್ರಮಾಣೀಕೃತ ರೂಪ 1999ರ ಜನವರಿಯಲ್ಲಿ ಟಿಎಲ್‌ಎಸ್ ಅನ್ನೋ ಹೆಸರಲ್ಲಿ ಬಂತು.

ನಮ್ಮಂಥ ಹೊರದೇಶದವರಿಗೆ ಸಿಕ್ಕ ಬೀಗ ಮಾತ್ರ ಆಟಿಕೆಯದು. ಅಮೆರಿಕ ಆಗ ಬಲವಾದ ಗೂಢಲಿಪಿಯನ್ನು ಹೊರದೇಶಕ್ಕೆ ಸಲೀಸಾಗಿ ಬಿಡುತ್ತಿರಲಿಲ್ಲ. ರಫ್ತಿಗೆ ಅಂತ 40 ಬಿಟ್ಟಿನ ಕೀಲಿ ಇಟ್ಟಿತ್ತು. 1995ರ ಆಗಸ್ಟಿನಲ್ಲಿ ಫ್ರಾನ್ಸಿನ ಡಾಮಿಯೆನ್ ಡೊಲಿಜೆ ಸುಮಾರು 120 ಕಂಪ್ಯೂಟರುಗಳನ್ನು ಕೂರಿಸಿಕೊಂಡು ಅಂಥ ಒಂದು ಕೀಲಿಯನ್ನು ಎಂಟೇ ದಿನದಲ್ಲಿ ಹುಡುಕಿ ತೆಗೆದರು. ರಫ್ತಿನ ಆ ನಿಯಮ ಗಣನೀಯವಾಗಿ ಸಡಿಲವಾಗಿದ್ದು 2000ದ ಜನವರಿಯಲ್ಲಿ.

ಎರಡು ಬಾಗಿಲೋ, ಒಂದೇ ಬಾಗಿಲೋ

ಈಗ ನನ್ನ ಪ್ರಕಾರ ಈ ಕತೆಯ ಮುಖ್ಯ ಘಟ್ಟ. ಟಿಎಲ್‌ಎಸ್ಸನ್ನು ಪಾಪ್‌ಗೂ ಐಮ್ಯಾಪ್‌ಗೂ ಹೇಗೆ ಜೋಡಿಸಬೇಕು? ಎರಡು ದಾರಿ ಇದ್ದವು.

ಒಂದು, ಬೇರೆ ಬಾಗಿಲು. ಹಳೇ ಪಾಪ್‌ಗೆ 110, ಬೀಗದ ಪಾಪ್‌ಗೆ 995. ಹಳೇ ಐಮ್ಯಾಪ್‌ಗೆ 143, ಬೀಗದ್ದಕ್ಕೆ 993. ಹೊಸ ಬಾಗಿಲಿಗೆ ಬಂದವನು ಮೊದಲ ಮಾತಿನಿಂದಲೇ ಟಿಎಲ್‌ಎಸ್ ಆಡಬೇಕು.

ಇನ್ನೊಂದು, ಬಾಗಿಲು ಹಳೆಯದೇ. ಮೊದಲು ಬಯಲಲ್ಲೇ ನಮಸ್ಕಾರ ಹೇಳೋದು. ‘ನಿಮ್ಮಲ್ಲಿ ಗೂಢಲಿಪಿ ಇದೆಯಾ?’ ಅಂತ ಕೇಳೋದು. ‘ಇದೆ’ ಅಂದರೆ ‘ಹಾಗಾದರೆ ಶುರುಮಾಡೋಣ’ ಅಂತ ಮುಚ್ಚಿಗೆ ಎಳೆದುಕೊಳ್ಳೋದು. ಇದೇ ಸ್ಟಾರ್ಟ್‌ಟಿಎಲ್‌ಎಸ್.

1999ರ ಜೂನಿನಲ್ಲಿ ಕ್ರಿಸ್ ನ್ಯೂಮನ್ ಬರೆದ ಆರ್‌ಎಫ್‌ಸಿ 2595 ಎರಡನೇ ದಾರಿಯನ್ನು ಹಿಡಿಯಿತು. 993 ಮತ್ತು 995ನ್ನು ಬಳಸಬೇಡಿ ಅಂತ ಸಲಹೆ ಕೊಟ್ಟಿತು. ಕಾರಣಗಳೂ ಸಮಂಜಸವಾಗೇ ಇದ್ದವು. ಪೋರ್ಟ್ ಸಂಖ್ಯೆಗಳು ಸೀಮಿತ, ಪ್ರತಿಯೊಂದಕ್ಕೂ ಎರಡೆರಡು ಕೊಡುತ್ತಾ ಹೋದರೆ ಹೇಗೆ? ಎರಡು ಬಾಗಿಲಿದ್ದರೆ ಬಳಸುವವರಿಗೆ ಗೊಂದಲ. ಟಿಎಲ್‌ಎಸ್ ಬರುವವರೆಗೂ ಲಾಗಿನ್ ಆಗಲು ಬಿಡಬೇಡ ಅಂತ ಸರ್ವರಿಗೆ ಹೇಳುವ ಅನುಕೂಲವನ್ನೂ ನ್ಯೂಮನ್ ಅದರಲ್ಲಿ ಇಟ್ಟಿದ್ದರು. ಕಾಗದದ ಮೇಲೆ ಚೆನ್ನಾಗಿತ್ತು.

ನೆಲದ ಮೇಲೆ ಏನಾಯ್ತು? ನನ್ನ ಗೆಳೆಯ ಬಳಸುತ್ತಿದ್ದ ಥಂಡರ್‌ಬರ್ಡ್ 2ರ ಸೆಟ್ಟಿಂಗ್ಸಿನಲ್ಲಿ ನಾಲ್ಕು ಆಯ್ಕೆ ಇದ್ದವು: ‘ಬೇಡ’, ‘ಲಭ್ಯವಿದ್ದರೆ ಟಿಎಲ್‌ಎಸ್’, ‘ಟಿಎಲ್‌ಎಸ್’, ‘ಎಸ್‌ಎಸ್‌ಎಲ್’. ಎರಡನೆಯದನ್ನು ನೋಡಿ. ಲಭ್ಯವಿದ್ದರೆ! ಮಧ್ಯದಲ್ಲಿ ಕೂತ ಕಳ್ಳ ಗೂಢಲಿಪಿ ಒಡೆಯುವ ಸಾಹಸಕ್ಕೇ ಹೋಗಬೇಕಿಲ್ಲ. ಸರ್ವರ್ ಕೊಡುವ ‘ಇದೆ’ ಅನ್ನೋ ಒಂದು ಸಾಲನ್ನು ಅಳಿಸಿದರೆ ಸಾಕು. ನಿಮ್ಮ ತಂತ್ರಾಂಶ ‘ಪಾಪ, ಈ ಸರ್ವರಿನಲ್ಲಿ ಸೌಲಭ್ಯ ಇಲ್ಲ ಅನ್ಸುತ್ತೆ’ ಅಂದುಕೊಂಡು ಪಾಸ್‌ವರ್ಡನ್ನು ಬಯಲಲ್ಲೇ ಕೊಡುತ್ತೆ. ಇದೇನು ಕಲ್ಪನೆಯಲ್ಲ. ಮೇಲ್ ಕಳಿಸುವ ಕಡೆಯಲ್ಲಿ ಇಂಥದ್ದೇ ಸ್ಟಾರ್ಟ್‌ಟಿಎಲ್‌ಎಸ್ ಇದೆ. 2014ರಲ್ಲಿ ಅಮೆರಿಕದ ಒಂದು ಮೊಬೈಲ್ ಸೇವೆಯಲ್ಲಿ ಆ ಸಾಲು ದಾರಿಯಲ್ಲೇ ಅಳಿಸಿಹೋಗುತ್ತಿದ್ದದ್ದು ಬೆಳಕಿಗೆ ಬಂತು.

ಆ ಕಾಲದ ಇನ್ನೊಂದು ದೃಶ್ಯ ಹೇಳಬೇಕು. ಲಾಸ್ ವೇಗಾಸಿನಲ್ಲಿ ಪ್ರತಿವರ್ಷ ನಡೆಯುವ ಡೆಫ್‌ಕಾನ್ ಅನ್ನೋ ಹ್ಯಾಕರ್ ಜಾತ್ರೆಯಲ್ಲಿ ಒಂದು ಗೋಡೆ ಇದೆ. ಅಲ್ಲಿನ ವೈಫೈಯಲ್ಲಿ ಯಾರು ಯಾರು ಬೀಗವಿಲ್ಲದ ಬಾಗಿಲಿನಲ್ಲಿ ಲಾಗಿನ್ ಆಗ್ತಾರೋ ಅವರ ಹೆಸರು, ಅರ್ಧ ಮುಚ್ಚಿದ ಪಾಸ್‌ವರ್ಡ್ ಎಲ್ಲ ಪರದೆ ಮೇಲೆ ಬರುತ್ತೆ. ಅದರ ಹೆಸರು ‘ಕುರಿಗಳ ಗೋಡೆ’. ಕುರಿ ಆಗೋದು ಅನ್ನೋ ಮಾತು ಅವರಲ್ಲೂ ಇದೆ ಅನ್ನೋದು ನನಗೆ ಒಂಥರಾ ಸಮಾಧಾನ.

ಇದೇ ಹೊತ್ತಿನಲ್ಲಿ ಸದ್ದಿಲ್ಲದೆ ಇನ್ನೊಂದು ನಡೆಯಿತು. ಜಿಮೇಲ್ 2004ರ ಕೊನೆಯಲ್ಲಿ ಪಾಪ್ ಸೌಲಭ್ಯವನ್ನೂ 2007ರಲ್ಲಿ ಐಮ್ಯಾಪ್ ಸೌಲಭ್ಯವನ್ನೂ ಕೊಟ್ಟಾಗ, ತೆರೆದದ್ದು 995 ಮತ್ತು 993 ಮಾತ್ರ. ಕಡತ ಬಳಸಬೇಡಿ ಅಂದಿದ್ದ ಅದೇ ಬಾಗಿಲುಗಳು. 110 ಇಲ್ಲವೇ ಇಲ್ಲ. ಯಾರೂ ಗೊಂದಲ ಮಾಡಿಕೊಳ್ಳಲಿಲ್ಲ. ಕೋಟ್ಯಂತರ ಜನ ಹೇಳಿದ ನಂಬರ್ ಹಾಕಿ ಮುಂದೆ ಹೋದರು. ಆಯ್ಕೆ ಇಲ್ಲದೇ ಇದ್ದದ್ದೇ ಅವರನ್ನು ಕಾಪಾಡಿತು.

ತಪ್ಪು ಒಪ್ಪಿಕೊಂಡ ಕಡತ

2011ರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರಿನ ಕರ್ತೃ ವೀಟ್ಸೆ ವೆನೆಮಾ ಇನ್ನೊಂದು ತೂತು ತೋರಿಸಿದರು. ‘ಗೂಢಲಿಪಿ ಶುರುಮಾಡೋಣ’ ಅನ್ನೋ ಸಾಲಿನ ಬೆನ್ನಿಗೇ ಕಳ್ಳ ತನ್ನದೊಂದು ಸಾಲು ಅಂಟಿಸಿ ಕಳಿಸಿದರೆ, ಕೆಲವು ಸರ್ವರುಗಳು ಅದನ್ನು ಪಕ್ಕದಲ್ಲಿ ಇಟ್ಟುಕೊಂಡು, ಮುಚ್ಚಿಗೆ ಎಳೆದ ಮೇಲೆ ಅದು ಒಳಗಿನಿಂದಲೇ ಬಂತೇನೋ ಅನ್ನೋ ಹಾಗೆ ಪಾಲಿಸುತ್ತಿದ್ದವು. ಬಯಲಿನಿಂದ ಒಳಕ್ಕೆ ಕಾಲಿಡುವ ಆ ಒಂದು ಕ್ಷಣವೇ ಅಪಾಯದ ಜಾಗ.

2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ದಾಖಲೆಗಳು ಸರ್ಕಾರಗಳೇ ತಂತಿಗೆ ಕಿವಿ ಇಟ್ಟಿವೆ ಅಂತ ತೋರಿಸಿದವು. ಮರುವರ್ಷ ಆರ್‌ಎಫ್‌ಸಿ 7258, ಎಲ್ಲೆಡೆ ನಡೆಯುವ ಇಂಥ ಕಣ್ಗಾವಲನ್ನೂ ಒಂದು ಆಕ್ರಮಣ ಅಂತಲೇ ಪರಿಗಣಿಸಬೇಕು ಅಂದಿತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಾರ್ವಜನಿಕರಿಗೆ ತೆರೆದುಕೊಂಡು ಸರ್ಟಿಫಿಕೇಟನ್ನು ಪುಕ್ಕಟೆ ಕೊಡತೊಡಗಿತು. ‘ದುಡ್ಡಿಲ್ಲ, ಅದಕ್ಕೇ ಬೀಗ ಹಾಕಿಲ್ಲ’ ಅನ್ನೋ ಸಣ್ಣ ಸಂಸ್ಥೆಗಳ ನೆಪ ಅಲ್ಲಿಗೆ ಮುಗಿಯಿತು.

ಕೊನೆಗೆ 2018ರ ಜನವರಿಯಲ್ಲಿ ಆರ್‌ಎಫ್‌ಸಿ 8314 ಬಂತು. ಮೇಲ್ ಇಳಿಸಲು ಬಯಲು ದಾರಿಯ ಕಾಲ ಮುಗಿದಿದೆ, ಮೊದಲ ಮಾತಿನಿಂದಲೇ ಟಿಎಲ್‌ಎಸ್ ಆಡುವ ಪ್ರತ್ಯೇಕ ಬಾಗಿಲೇ ಒಳ್ಳೆಯದು, 993 ಮತ್ತು 995 ಬಳಸಿ ಅಂತ. ಬರೆದವರು ಇಬ್ಬರು. ಒಬ್ಬರು ಕೀತ್ ಮೂರ್. ಇನ್ನೊಬ್ಬರು ಕ್ರಿಸ್ ನ್ಯೂಮನ್. ಹೌದು, ಹದಿನೆಂಟೂವರೆ ವರ್ಷದ ಹಿಂದೆ ಆ ಬಾಗಿಲುಗಳು ಬೇಡ ಅಂದಿದ್ದ ಅದೇ ನ್ಯೂಮನ್.

ನಮ್ಮ ವೃತ್ತಿಯಲ್ಲಿ ಎರಡು ವಾರದ ಹಿಂದಿನ ಕೋಡ್ ರಿವ್ಯೂನಲ್ಲೇ ತಪ್ಪು ಒಪ್ಪಿಕೊಳ್ಳೋಕೆ ಜನ ತಯಾರಿರಲ್ಲ. ಇವರು ತಮ್ಮ ಹೆಸರಿರುವ ಕಡತವನ್ನು ತಮ್ಮ ಹೆಸರಿನಲ್ಲೇ ತಿದ್ದಿದರು. ಆ ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಿದ ದಿನ ನನಗೆ ಒಂದು ವಿಷಯ ಸ್ಪಷ್ಟವಾಯ್ತು. ಅಷ್ಟು ವರ್ಷ ಕೊರತೆ ಇದ್ದದ್ದು ಗಣಿತದಲ್ಲಲ್ಲ. ಬೀಗ 1999ರಲ್ಲೇ ಇತ್ತು. ‘ಬೇಕಾದರೆ ಹಾಕಿಕೊಳ್ಳಿ’ ಅಂತ ಜನರ ಮೇಲೆ ಬಿಟ್ಟದ್ದೇ ಎಡವಟ್ಟು. ನನ್ನ ಗೆಳೆಯನಿಗೆ ಆ ನಾಲ್ಕು ಆಯ್ಕೆಗಳ ಅರ್ಥ ಗೊತ್ತಿರಬೇಕು ಅಂತ ನಿರೀಕ್ಷಿಸಿದ್ದೇ ತಪ್ಪು.

2021ರಲ್ಲಿ ಜರ್ಮನಿಯ ಸಂಶೋಧಕರು ಸ್ಟಾರ್ಟ್‌ಟಿಎಲ್‌ಎಸ್ ಬಳಸುವ ಮೇಲ್ ತಂತ್ರಾಂಶಗಳನ್ನು ಪರೀಕ್ಷಿಸಿ ನಲವತ್ತಕ್ಕೂ ಹೆಚ್ಚು ದೋಷಗಳನ್ನು ಹುಡುಕಿದರು. ವೆನೆಮಾ ಹೇಳಿದ್ದ ಆ ಹಳೇ ತೂತು, ಹತ್ತು ವರ್ಷವಾದರೂ, ಸುಮಾರು 3,20,000 ಸರ್ವರುಗಳಲ್ಲಿ ಹಾಗೇ ಇತ್ತು. ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ 25ನೇ ಪೋರ್ಟಿನಲ್ಲಿ ಇವತ್ತಿಗೂ ಸ್ಟಾರ್ಟ್‌ಟಿಎಲ್‌ಎಸ್ಸೇ ಗತಿ. ಆದರೆ ನಿಮ್ಮ ಫೋನಿಗೂ ನಿಮ್ಮ ಇನ್‌ಬಾಕ್ಸಿಗೂ ನಡುವೆ ಅದರ ಅಗತ್ಯವಿಲ್ಲ.

ದಾರಿ ಮುಗಿದ ಮೇಲೆ

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತೆ. ಟಿಎಲ್‌ಎಸ್ ಕಾಯೋದು ದಾರಿಯನ್ನು. ಅಂಚೆ ಕಚೇರಿಯೊಳಗೆ ಕಾಗದ ಬಿಚ್ಚಿಯೇ ಇರುತ್ತೆ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು.

ಇದನ್ನು ನಾನು ಕಲಿತದ್ದು ಲ್ಯಾಬಿನಲ್ಲಲ್ಲ. ನನಗೆ ಹತ್ತು ವರ್ಷವಿದ್ದಾಗ ಹಿಂದಿನ ಮನೆ ಅಜ್ಜಿಗೆ ನಾನೇ ಕಾಗದ ಓದಿ ಹೇಳುತ್ತಿದ್ದೆ. ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದ. ಅಂಟು ಹಚ್ಚಿ ಮುಚ್ಚಿದ ನೀಲಿ ಇನ್‌ಲ್ಯಾಂಡ್ ಲೆಟರ್ ಅಷ್ಟು ದೂರದಿಂದ ಯಾರೂ ಬಿಚ್ಚದೆ ನಮ್ಮ ಜಗಲಿಗೆ ಬರುತ್ತಿತ್ತು. ‘ಓದು ಮಗಾ’ ಅಂತ ಅಜ್ಜಿ ಎದುರಿಗೆ ಕೂರುತ್ತಿದ್ದಳು. ಒಂದು ಕಾಗದದಲ್ಲಿ, ಹೋಟೆಲು ಬಿಡಿಸಿದ್ದಾರೆ, ಬೇರೆ ಕಡೆ ನೋಡ್ತಿದ್ದೀನಿ, ಊರಲ್ಲಿ ಯಾರಿಗೂ ಹೇಳಬೇಡ ಅಂತಿತ್ತು. ನಾನು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿಬಿಟ್ಟೆ. ಮಾರನೇ ದಿನ ಬಾವಿಕಟ್ಟೆಯಲ್ಲಿ ಅಜ್ಜಿಯನ್ನು ಮೂರು ಜನ ವಿಚಾರಿಸಿದರು. ಅವಳು ನನ್ನನ್ನು ಬೈಯಲಿಲ್ಲ. ಆಮೇಲೆ ಬಂದ ಕಾಗದಗಳನ್ನು ಓದಿಸೋಕೆ ಒಂದು ಮೈಲಿ ನಡೆದು ಮೇಷ್ಟ್ರ ಮನೆಗೆ ಹೋಗುತ್ತಿದ್ದಳು.

ನಾನೀಗ ಕೆಲಸ ಮಾಡುವ ಕಡೆ ಜನರ ಮೇಲ್ ಇರುವ ಸರ್ವರುಗಳಿಗೆ ನನಗೆ ಪ್ರವೇಶವಿದೆ. ಬೀಗದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ಬೀಗದ ಈ ಕಡೆ ಕೂತಿರೋನು ಜಗಲಿಯ ಆ ಹುಡುಗನೇ ಅನ್ನೋದು ಲಾಗಿನ್ ಆಗುವಾಗಲೆಲ್ಲ ನೆನಪಾಗುತ್ತೆ.

ಹೋದ ವರ್ಷ ಆ ಗೆಳೆಯ ಫೋನ್ ಮಾಡಿದ. ಗದಗದ ಕಡೆಯವನು, ಈಗ ತನ್ನದೇ ಸಣ್ಣ ವ್ಯಾಪಾರ. ಅಂಗಡಿಯ ಮೇಲ್ ಸರಿಯಾಗಿ ಬರ್ತಿಲ್ಲ, ಬಂದು ನೋಡು ಅಂದ. ಹೋದೆ. ಅಕೌಂಟ್ ಸೆಟ್ಟಿಂಗ್ಸ್ ತೆಗೆದರೆ ಪೋರ್ಟ್ 110, ಭದ್ರತೆ ‘ಇಲ್ಲ’. ಎಷ್ಟೋ ವರ್ಷದ ಹಿಂದೆ ಯಾರೋ ಹಾಕಿಕೊಟ್ಟದ್ದು. 995 ಮಾಡಿದೆ, ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಆರಿಸಿದೆ. ನೀವೂ ಒಂದು ಸಲ ನಿಮ್ಮದನ್ನು, ಮನೆಯಲ್ಲಿ ಅಪ್ಪ ಅಮ್ಮನದನ್ನು ನೋಡಿಬಿಡಿ, ಎರಡು ನಿಮಿಷದ ಕೆಲಸ. ಸರ್ಟಿಫಿಕೇಟ್ ಸರಿಯಿಲ್ಲ ಅಂತ ಎಚ್ಚರಿಕೆ ಬಂದರೆ ಕಣ್ಣುಮುಚ್ಚಿ ಓಕೆ ಒತ್ತಬೇಡಿ.

ಕೆಲಸ ಮಾಡುತ್ತಲೇ 2009ರ ಕತೆ ಅವನಿಗೆ ಹೇಳಿದೆ. ಇಷ್ಟು ವರ್ಷ ಹೇಳಿರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ಏನೇನ್ ಓದಿದಿ ಅವತ್ತು?” ಅಂದ.

“ಒಂದೇ. ನಿಮ್ಮಣ್ಣಂದು. ಎತ್ತಿಂದು.”

ಅವನು ತಲೆ ಅಲ್ಲಾಡಿಸಿದ. ಸೆಟ್ಟಿಂಗ್ಸ್ ಪರದೆ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ನಾನು ಕೀಬೋರ್ಡ್ ಅವನ ಕಡೆ ಸರಿಸಿದೆ.

“ನಾನ ಹಾಕ್ತೀನಿ,” ಅಂದ. “ನೀ ಆ ಕಡಿ ಮಾರಿ ಮಾಡು.”

ಗೋಡೆ ಕಡೆ ತಿರುಗಿ ಕೂತೆ.